ಶಲವಡಿಯ ಮುಂದೊಂದು ಅಡ್ಡಗೀಟು

ಅಣ್ಣಿಗೇರಿಯ ಎರಿಭೂಮಿ ಬೀಜ ಸಹಕಾರಿ ಒಕ್ಕೂಟದ ಆಡಳಿತ ಮಂಡಳಿ ಕಳೆದ ಸೆಪ್ಟೆಂಬರಿನಲ್ಲಿ ಎರಡೂವರೆ ತಾಸು ಚರ್ಚಿಸಿ ಒಂದು ಠರಾವು ಪಾಸು ಮಾಡಿತು. ಹಿಂಗಾರಿ ಬಿತ್ತನೆಗೆ ಮೂರೇ ವಾರ ಉಳಿದಿತ್ತು, ಕಡಲೆ ಬೀಜ ಇನ್ನೂ ಗೋದಾಮಿಗೆ ಬಂದಿರಲಿಲ್ಲ. ಆದರೆ ಠರಾವು ಬೀಜದ್ದಲ್ಲ. ಕಂಪ್ಯೂಟರಿನ ಒಂದು ಫೈಲಿನಲ್ಲಿದ್ದ ಒಂದು ಅಡ್ಡಗೀಟನ್ನು ಅಳಿಸುವುದರ ಬಗ್ಗೆ.

ಆ ಗೀಟನ್ನು ಹಾಕಿದವಳು ರುಬಿಯಾ. ಒಕ್ಕೂಟದಲ್ಲಿ ಅವಳ ಹುದ್ದೆ ತಾಂತ್ರಿಕ ಸಹಾಯಕಿ. ಯಾರಿಗೆ ಸಹಾಯಕಿ ಎಂದು ಕೇಳಿದರೆ ಹೇಳುವುದು ಕಷ್ಟ, ಏಕೆಂದರೆ ತಂತ್ರ ಬಲ್ಲವರು ಆ ಕಟ್ಟಡದಲ್ಲಿ ಅವಳ ಹೊರತು ಯಾರೂ ಇರಲಿಲ್ಲ. ಯಮನೂರಿನವಳು. ಅಪ್ಪ ರಹಿಮಾನಸಾಬ ಔಷಧ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ. ಅವನ ಬಾಜೂ ಕೂತು ಬೆಳೆದ ಹುಡುಗಿಗೆ ಯಾವ ಯಂತ್ರ ಕೆಟ್ಟರೂ ಮೊದಲು ಅದರ ಅತಿ ಸಣ್ಣ ಭಾಗವನ್ನು ನೋಡುವ ಚಟ ಹತ್ತಿತ್ತು.

ಒಕ್ಕೂಟಕ್ಕೆ ಸೇರಿದ ಮೂವತ್ತೆರಡು ಊರುಗಳಿದ್ದವು. ಪ್ರತಿ ಊರಿನ ಸೊಸೈಟಿ ಅಂಗಡಿಯಲ್ಲೂ ಗೋಡೆಗೆ ಒಂದು ಪರದೆ, ಅದರ ಕೆಳಗೆ ರೊಟ್ಟಿ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್. ಯಾವ ಊರಿಗೆ ಯಾವ ದಿನ ಬೀಜದ ಗಾಡಿ ಬರುತ್ತದೆ, ಯಾರ ಪಾಳಿ ಎಷ್ಟನೆಯದು ಎಂಬುದೆಲ್ಲ ಆ ಪರದೆಯ ಮೇಲೆ ಕಾಣಬೇಕು. ಮೊದಲು ಪಾಳಿ ಬದಲಾದಾಗಲೆಲ್ಲ ರುಬಿಯಾ ಪೆನ್‌ಡ್ರೈವನ್ನು ಪರ್ಸಿಗೆ ಹಾಕಿಕೊಂಡು ಬಸ್ಸು, ಟಂಟಂ ಹಿಡಿದು ಮೂವತ್ತೆರಡು ಊರು ತಿರುಗುತ್ತಿದ್ದಳು. ಕೊನೆಯ ಊರು ಮುಟ್ಟುವ ಹೊತ್ತಿಗೆ ಮೊದಲನೆಯ ಊರಿನ ಪಟ್ಟಿ ಹಳತಾಗಿರುತ್ತಿತ್ತು. ಎರಡು ವರ್ಷ ಹೀಗೆ ತಿರುಗಿ, ಆರು ತಿಂಗಳು ಕೂತು ಕಲಿತು, ಅವಳು ಒಂದು ಸ್ಕ್ರಿಪ್ಟ್ ಬರೆದಳು. ಅಣ್ಣಿಗೇರಿಯಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಮೂವತ್ತೆರಡು ಪೆಟ್ಟಿಗೆಗಳೂ ತಮ್ಮ ತಮ್ಮ ಪಟ್ಟಿಯನ್ನು ತಾವೇ ತರಿಸಿಕೊಳ್ಳುತ್ತಿದ್ದವು.

ಸ್ಕ್ರಿಪ್ಟಿಗೆ ಅವಳು ಕೊಟ್ಟಿದ್ದು ಎರಡೇ ಸಂಗತಿ. ಒಂದು, ಊರುಗಳ ಪಟ್ಟಿ. ಒಂದರ ಕೆಳಗೊಂದು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಅಡ್ಡಗೀಟು. ಇಲ್ಲಿಂದ ಹೊಸ ಊರು ಶುರು ಎಂದು ಯಂತ್ರಕ್ಕೆ ತಿಳಿಯುವುದು ಆ ಗೀಟಿನಿಂದ. ಎರಡನೆಯದು, ಕಡತಗಳು ಯಾವ ಫೋಲ್ಡರಿನಲ್ಲಿವೆ ಎಂಬ ಹಾದಿ. ಅದನ್ನು ಅವಳು ಒಂದೇ ಒಂದು ಕಡೆ ಬರೆದು ಅದಕ್ಕೊಂದು ಹೆಸರು ಕೊಟ್ಟಿದ್ದಳು. ಬೇಕಾದಲ್ಲೆಲ್ಲ ಆ ಹೆಸರು ಹೇಳಿದರಾಯಿತು. ನಾಳೆ ಫೋಲ್ಡರು ಜಾಗ ಬದಲಿಸಿದರೆ ತಿದ್ದುವುದು ಒಂದೇ ಸಾಲು.

ಹೀಗೆ ಎಂಟು ತಿಂಗಳು ಯಾರ ಗಮನಕ್ಕೂ ಬಾರದೆ ಕೆಲಸ ನಡೆಯಿತು. ಒಕ್ಕೂಟದಲ್ಲಿ ಯಾರ ಗಮನಕ್ಕೂ ಬರದ ಕೆಲಸ ಮಾತ್ರ ಸರಿಯಾಗಿ ನಡೆಯುತ್ತಿತ್ತು.

ಗಮನಕ್ಕೆ ಬಂದದ್ದು ಚಹಾ ತಡವಾದ ಒಂದು ದಿನ. ಅಧ್ಯಕ್ಷ ಕುಬೇರಪ್ಪನವರು ಚಹಾ ಕಾಯುತ್ತ ನಿಂತವರು, ಪ್ರಿಂಟರಿನ ಬಾಜೂ ರುಬಿಯಾ ಅಂಟಿಸಿದ್ದ ಊರುಗಳ ಪಟ್ಟಿಯನ್ನು ಕನ್ನಡಕ ಏರಿಸಿ ಓದಿದರು. ಓದುತ್ತ ಓದುತ್ತ ಕೆಳಗೆ ಬಗ್ಗಿದರು. ಶಲವಡಿ ಸಿಕ್ಕಾಗ ಅವರ ಸೊಂಟ ಅರ್ಧ ಬಾಗಿತ್ತು.

"ಏ ರುಬಿಯಾ, ಶಲವಡಿ ಇಪ್ಪತ್ತೆಂಟನೇದ ಯಾಕ ಐತಿ?"

"ಅಕ್ಷರದ ಪ್ರಕಾರ ಹಚ್ಚೇನ್ರಿ ಸರ. ಅಳಗವಾಡಿ ಮೊದಲ ಬರತೈತಿ, ಶಲವಡಿ ಕಡೀಕ."

"ಅಕ್ಷರದ ಪ್ರಕಾರ ಅಂತ ಯಾರ ಹೇಳ್ಯಾರ?"

ಕನ್ನಡ ವರ್ಣಮಾಲೆಯನ್ನು ಯಾರು ಠರಾಯಿಸಿದರು ಎಂಬುದು ರುಬಿಯಾಗೆ ಗೊತ್ತಿರಲಿಲ್ಲ. ಕುಬೇರಪ್ಪನವರು ಅಷ್ಟರಲ್ಲಿ ಇನ್ನೊಂದನ್ನು ಕಂಡಿದ್ದರು.

"ಮತ್ತ ಇದೇನ? ನಮ್ಮೂರ ಮುಂದ ವಜಾ ಚಿಹ್ನೆ?"

"ಅದು ವಜಾ ಅಲ್ರಿ. ಎಲ್ಲಾ ಊರ ಮುಂದನೂ ಐತಿ ನೋಡ್ರಿ. ಅದು ಇದ್ರನ..."

"ಬಾಕಿ ಊರಗೋಳ ಸುದ್ದಿ ನನಗ್ಯಾಕ? ಶಲವಡಿ ಅಂದ್ರ ಅಧ್ಯಕ್ಷರ ಊರು. ಅದನ್ನ ಕಳೀತಾರೇನು?"

ಈ ಮಾತಿಗೆ ಪಕ್ಕದ ಕೋಣೆಯಿಂದ ಪ್ರತಾಪ ಓಡಿಬಂದ. ಪ್ರತಾಪ ಒಕ್ಕೂಟದ ಡಿಜಿಟಲ್ ಸಂಯೋಜಕ. ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಮೂರು ದಿನ ಊಟ ಸಹಿತ ತರಬೇತಿ ಮುಗಿಸಿ ಬಂದಿದ್ದ. ಅದರ ಪ್ರಮಾಣಪತ್ರ ಅವನ ಕುರ್ಚಿಯ ಹಿಂದೆ ಚೌಕಟ್ಟಿನಲ್ಲಿತ್ತು, ದಿನಾ ಊದಿನಕಡ್ಡಿಯೂ ಬೆಳಗುತ್ತಿತ್ತು. ಅವನು ಪಟ್ಟಿಯನ್ನು ನೋಡಿ, ಅಧ್ಯಕ್ಷರ ಮುಖವನ್ನು ನೋಡಿ, "ಇದು ಸಭಾದಾಗ ಇಡೂ ವಿಷಯ ಐತ್ರಿ" ಎಂದ.

ಸಭೆಯಲ್ಲಿ ಇಟ್ಟದ್ದೇ ತಪ್ಪಾಯಿತು. ಶಲವಡಿ ಮೊದಲು ಬರಬೇಕೆಂದು ಅಧ್ಯಕ್ಷರು ಹೇಳಿದ ಕೂಡಲೇ, ದೇವಿಕೊಪ್ಪದ ನಿರ್ದೇಶಕ ಉಡಚಪ್ಪ ಎದ್ದು ನಿಂತು, ಊರಿನ ಹೆಸರಿನಲ್ಲೇ ದೇವಿ ಇದ್ದ ಮೇಲೆ ದೇವಿಕೊಪ್ಪಕ್ಕಿಂತ ಮೊದಲು ಯಾವ ಊರು ಬಂದರೂ ಅದು ಅಪಚಾರ ಎಂದರು. ಶಿರಕೋಳದವರು ತಮ್ಮ ಸದಸ್ಯರ ಸಂಖ್ಯೆ ಹೇಳಿದರು. ಮತ್ತೊಬ್ಬರು ಪಟ್ಟಿಯನ್ನು ತಿಂಗಳಿಗೊಮ್ಮೆ ತಿರುಗಿಸಬೇಕೆಂದರು. ಮಂಡಳಿಯ ಏಕೈಕ ಮಹಿಳಾ ನಿರ್ದೇಶಕಿ ಮಹಾನಂದಾ, "ಕಡ್ಲಿ ಬೀಜ ಯಾವಾಗ ಬರತೈತ್ರಿ?" ಎಂದು ಕೇಳಿದರು. ಅದು ಈ ದಿನದ ವಿಷಯಪಟ್ಟಿಯಲ್ಲಿಲ್ಲ ಎಂದು ಅವರನ್ನು ಕೂರಿಸಲಾಯಿತು.

ಕೊನೆಗೆ ಉಪಾಯ ಸಿಕ್ಕಿದ್ದು ಪ್ರತಾಪನಿಗೆ. ಉಳಿದ ಊರುಗಳ ಪಟ್ಟಿ ಹಾಗೇ ಇರಲಿ. ಅದರ ಮೇಲೆ 'ಪ್ರಥಮ ಗ್ರಾಮ' ಎಂಬ ಬೇರೆ ತಲೆಬರಹ ಹಾಕಿ ಅದರಲ್ಲಿ ಶಲವಡಿಯೊಂದನ್ನೇ ಇಡುವುದು. ಉಳಿದ ನಿರ್ದೇಶಕರ ಬೇಸರ ಕಳೆಯಲು ಮಧ್ಯಾಹ್ನದ ಊಟಕ್ಕೆ ಎರಡನೆಯ ಸಿಹಿ. ಠರಾವಿನ ಪುಸ್ತಕದಲ್ಲಿ ಬರೆದದ್ದು ಹೀಗೆ: 'ಶಲವಡಿ ಗ್ರಾಮದ ಮುಂದಿರುವ ವಜಾ ಚಿಹ್ನೆಯನ್ನು ತೆಗೆದುಹಾಕಿ ಸದರಿ ಗ್ರಾಮದ ಘನತೆಯನ್ನು ಕಾಪಾಡಲು ಸರ್ವಾನುಮತದಿಂದ ಠರಾಯಿಸಲಾಯಿತು.' ಅದರ ಕೆಳಗೆ ಪ್ರತಾಪ ತಾನೇ ಸೇರಿಸಿದ ಇನ್ನೊಂದು ಸಾಲು: 'ಕಂಪ್ಯೂಟರಿನ ಎಲ್ಲ ಹಾದಿಗಳಲ್ಲಿ ಮಾನ್ಯ ಅಧ್ಯಕ್ಷರ ಹೆಸರು ಬರತಕ್ಕದ್ದು.'

ಮರುದಿನ ಕುಬೇರಪ್ಪನವರು, ಪ್ರತಾಪ ಇಬ್ಬರೂ ರುಬಿಯಾಳ ಮೇಜಿಗೆ ಬಂದರು. ಪ್ರತಾಪ ಅವಳನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತ. ಮೊದಲು ಫೋಲ್ಡರಿನ ಹೆಸರನ್ನು ಬದಲಿಸಿದ: ಸನ್ಮಾನ್ಯ ಶ್ರೀ ಕುಬೇರಪ್ಪನವರು.

"ಸರ, ನಡುವ ಖಾಲಿ ಜಾಗ ಬಿಟ್ರ ಯಂತ್ರ ಅದನ್ನ ಮೂರು ಬ್ಯಾರೆ ಬ್ಯಾರೆ ಹೆಸರು ಅಂತ ತಿಳಕೋತೈತ್ರಿ. ಸನ್ಮಾನ್ಯ ಒಂದು, ಶ್ರೀ ಒಂದು, ನೀವ ಒಬ್ರು," ಎಂದಳು ರುಬಿಯಾ.

ಕುಬೇರಪ್ಪನವರ ಹುಬ್ಬು ಗಂಟಾಯಿತು. ರುಬಿಯಾ ಮೂರು ವರ್ಷದಿಂದ ಅವರನ್ನು ನೋಡಿದವಳು. ದನಿ ತಗ್ಗಿಸಿ, "ಹೆಸರಿನ ಎರಡೂ ಕಡೆ ಪೇಪರಿನಾಗ ಹಾಕತಾರಲ್ರಿ, ದೊಡ್ಡವರ ಮಾತಿಗೆ, ಆ ಚಿಹ್ನೆ ಹಾಕಿದ್ರ ಭಾಳ ಛಲೋ ಕಾಣತೈತ್ರಿ" ಎಂದಳು.

"ಹಾಕು, ಹಾಕು. ಎರಡೂ ಕಡೆ ಹಾಕು," ಎಂದರು ಅಧ್ಯಕ್ಷರು. ಉದ್ಧರಣ ಚಿಹ್ನೆ ಬಿದ್ದಿತು. ಹಾದಿ ಮುರಿಯಲಿಲ್ಲ. ಆದರೆ ಪ್ರತಾಪ ಆ ಹಾದಿಯನ್ನು ಒಂದು ಕಡೆ ಬರೆಯಲು ಒಪ್ಪಲಿಲ್ಲ. ಠರಾವಿನಲ್ಲಿ 'ಎಲ್ಲ ಹಾದಿಗಳಲ್ಲಿ' ಎಂದಿತ್ತು. ಸ್ಕ್ರಿಪ್ಟಿನ ನೂರಾ ಹದಿನಾಲ್ಕು ಕಡೆಗಳಲ್ಲೂ ಪೂರ್ತಿ ಹೆಸರನ್ನು ಚಿಹ್ನೆ ಸಹಿತ ಅಂಟಿಸುತ್ತ ಹೋದ. ಕುಬೇರಪ್ಪನವರು ಪರದೆಯ ತುಂಬ ತಮ್ಮ ಹೆಸರು ಇರುವೆ ಸಾಲಿನಂತೆ ಇಳಿದುಹೋಗುವುದನ್ನು ನೋಡುತ್ತ ಎರಡು ಕಪ್ಪು ಚಹಾ ಕುಡಿದರು.

ಆಮೇಲೆ ಗೀಟಿನ ಸರದಿ. ಪ್ರತಾಪ ಹಳೆಯ ಪಟ್ಟಿಯಿಂದ ಶಲವಡಿಯನ್ನು ಅಳಿಸಿ, ಎಲ್ಲಕ್ಕಿಂತ ಮೇಲೆ 'ಪ್ರಥಮ ಗ್ರಾಮ' ಎಂದು ಬರೆದು, ಅದರ ಕೆಳಗೆ ಗೀಟಿಲ್ಲದೆ ಶಲವಡಿ ಎಂದು ಬರೆದ.

"ಗೀಟ ಬೇಕ್ರಿ," ರುಬಿಯಾ ಈ ಸಲ ದನಿ ತಗ್ಗಿಸಲಿಲ್ಲ. "ಒಂದ ಊರ ಇದ್ರೂ ಪಟ್ಟಿ ಪಟ್ಟೀನ. ಗೀಟ ಇಲ್ಲಂದ್ರ ಯಂತ್ರ ಆ ಹೆಸರನ್ನ ಪಟ್ಟಿ ಅಂತ ತಿಳದು ಒಂದೊಂದ ಅಕ್ಷರ ಬಿಡಿಸಿ ಓದತೈತಿ."

"ಟ್ರೇನಿಂಗ್ ಮಾಡಿದಾಂವ ನಾನೋ ನೀನೋ?"

"ನೀವ್ರಿ."

"ಮತ್ತ?"

"ಹಂಗಾದ್ರ ಹೀಂಗ ಮಾಡು ಅಂತ ಬರದು ಸಹಿ ಮಾಡಿ ಕೊಡ್ರಿ."

ಪ್ರತಾಪ ಬರೆದು ಕೊಟ್ಟ. ಸಹಿ ಮಾಡಲು ಸಿಕ್ಕ ಯಾವ ಅವಕಾಶವನ್ನೂ ಅವನು ಬಿಡುತ್ತಿರಲಿಲ್ಲ. ಅದರ ಜೊತೆಗೇ ಇನ್ನೊಂದು ಆದೇಶಕ್ಕೂ ಸಹಿ ಹಾಕಿದ: ರುಬಿಯಾ ನಾಳೆಯಿಂದ ಮುಂದಿನ ಆದೇಶದವರೆಗೆ ಕುಂದಗೋಳದ ಗೋದಾಮಿನಲ್ಲಿರುವ ಹಳೆಯ ಪ್ರಿಂಟರುಗಳನ್ನು ಎಣಿಸಿ ವರದಿ ಕೊಡತಕ್ಕದ್ದು. ಕುಂದಗೋಳದಲ್ಲಿ ಹಳೆಯ ಪ್ರಿಂಟರುಗಳಿದ್ದದ್ದು ಆರು. ಅವುಗಳನ್ನು ಎಣಿಸಲು ಮೂರು ವಾರ ಕೊಡಲಾಗಿತ್ತು.

ಅಕ್ಟೋಬರಿನ ಮೊದಲ ವಾರ ಎರೆ ಭೂಮಿಗೆ ಹದವಾದ ಮಳೆ ಬಿದ್ದಿತು. ಬೀಜವೂ ಬಂತು. ಎರಡು ಗಾಡಿಗಳಲ್ಲಿ ಒಂದು ಗ್ಯಾರೇಜಿನಲ್ಲಿದ್ದುದರಿಂದ ಮೊದಲ ವಾರ ದಿನಕ್ಕೊಂದೇ ಊರು ಎಂದಾಯಿತು. ಸೋಮವಾರ ಬೆಳಿಗ್ಗೆ ಪ್ರತಾಪ ಅಧ್ಯಕ್ಷರ ಕೈಯಿಂದಲೇ ಗುಂಡಿ ಒತ್ತಿಸಿದ. ಪರದೆಯ ಮೇಲೆ ಹಸಿರು ಅಕ್ಷರಗಳು ಓಡಿ, ಕೊನೆಗೆ 'ಒಟ್ಟು ಗ್ರಾಮಗಳು: ಮೂವತ್ತಾರು' ಎಂದು ನಿಂತಿತು.

"ಮೂವತ್ತೆರಡ ಇದ್ದೂವಲ್ಲೋ?" ಎಂದರು ಕುಬೇರಪ್ಪನವರು.

"ಬೆಳದಾವ್ರೀ ಸರ," ಎಂದ ಪ್ರತಾಪ. ಇಬ್ಬರೂ ಫೋಟೋ ತೆಗೆಸಿಕೊಂಡರು.

ಗಾಡಿಯ ಡ್ರೈವರ್ ಮಾಬುಸಾಬನಿಗೆ ಸೋಮವಾರ ಸಿಕ್ಕ ಚೀಟಿಯಲ್ಲಿ ಊರಿನ ಹೆಸರು ಇದ್ದ ಜಾಗದಲ್ಲಿ 'ಶ' ಎಂದಷ್ಟೇ ಇತ್ತು. ಶಿರಕೋಳದ ನಿರ್ದೇಶಕರು ಅಲ್ಲೇ ಇದ್ದರು. ಅದು ತಮ್ಮ ಊರೇ ಎಂದು ಗಾಡಿಯಲ್ಲಿ ತಾವೇ ಹತ್ತಿ ಕೂತರು. ಮಂಗಳವಾರ ಬಂದ ಚೀಟಿ 'ಲ'. ಮಾಬುಸಾಬ ಮೂವತ್ತು ವರ್ಷ ಆ ಭಾಗದಲ್ಲಿ ಗಾಡಿ ಹೊಡೆದವನು. ಅವನು ಗಾಡಿ ಶುರು ಮಾಡದೆ ಕುಂದಗೋಳಕ್ಕೆ ಫೋನು ಹಚ್ಚಿದ.

"ತಂಗಿ, 'ಲ' ಅನ್ನೂ ಊರು ಎಲ್ಲಿ ಬರತೈತಿ? ನಾ ಅಂತೂ ನೋಡಿಲ್ಲ ಬಿಡು."

ರುಬಿಯಾ ಆರನೆಯ ಪ್ರಿಂಟರನ್ನು ನಾಲ್ಕನೆಯ ಸಲ ಎಣಿಸಿ ಕೂತಿದ್ದಳು. "ನಿನ್ನಿ ಯಾವದಿತ್ತು ಕಾಕಾ?"

"ಶ."

"ನಾಳೆ 'ವ' ಬರತೈತಿ ನೋಡು," ಎಂದಳು. ಪ್ರತಾಪನಿಗೆ ಫೋನು ಮಾಡಿದಳು, ಎತ್ತಲಿಲ್ಲ. ವಾಟ್ಸಾಪಿನಲ್ಲಿ ಬರೆದಳು: ಶಲವಡಿ ಐದು ತುಂಡಾಗಿದೆ, ಗೀಟು ಹಾಕಿರಿ, ಇವತ್ತೇ ಹಾಕಿರಿ. ಪ್ರತಾಪ ಹೆಬ್ಬೆರಳಿನ ಚಿತ್ರ ಕಳಿಸಿದ. ಬುಧವಾರ ಅದೇ ಮಾತನ್ನು ಮತ್ತೆ ಬರೆದಳು. ಕೈ ಮುಗಿದ ಚಿತ್ರ ಬಂತು. ಗುರುವಾರದ ಉತ್ತರ ಸೂರ್ಯೋದಯದ ಫೋಟೋ, ಮೇಲೆ ಶುಭದಿನ ಎಂಬ ಹಾರೈಕೆ.

ಇತ್ತ 'ಲ' ಎಂದರೆ ಲಕ್ಷ್ಮಿಯ ಗುಡಿ ಇರುವ ಊರು, ತಮ್ಮಲ್ಲಿ ಎರಡಿವೆ ಎಂದು ಉಡಚಪ್ಪ ಆ ಗಾಡಿಯನ್ನು ದೇವಿಕೊಪ್ಪಕ್ಕೆ ಹೊಡೆಸಿದರು. 'ವ' ಎಂದರೆ ವಗೈರೆ ಎಂದು ತೀರ್ಮಾನವಾಗಿ ಆ ಬೀಜವನ್ನು ಉಳಿದ ನಿರ್ದೇಶಕರು ಹಂಚಿಕೊಂಡರು. ಗುರುವಾರದ 'ಡ' ನೋಡಿ ಉಡಚಪ್ಪ, "ದ ಹೊಡಿಯೂ ಮುಂದ ಕೈ ಜಾರಿ ಡ ಬಿದ್ದೇತಿ, ಇದೂ ದೇವಿಕೊಪ್ಪನ" ಎಂದರು. ದೇವಿಕೊಪ್ಪದ ಕಡೆ ಬೆಳೆಯುವುದು ಭತ್ತ. ಅಷ್ಟು ಕಡಲೆ ಬೀಜವನ್ನು ಅಲ್ಲಿ ಬಿತ್ತಲು ಹೊಲವೇ ಇರಲಿಲ್ಲ, ಇಡಲು ಉಡಚಪ್ಪನವರ ಶೆಡ್ಡಿತ್ತು.

ಶುಕ್ರವಾರದ ಚೀಟಿಯನ್ನು ಮಾತ್ರ ಯಾರೂ ತಮ್ಮದೆನ್ನಲಿಲ್ಲ. ಅದರಲ್ಲಿ ಅಕ್ಷರವೇ ಇರಲಿಲ್ಲ. ಚುಕ್ಕಿ ಚುಕ್ಕಿಯಾಗಿ ಬಿಡಿಸಿದ ಒಂದು ಸೊನ್ನೆ, ಅದರ ತಲೆಯ ಮೇಲೊಂದು ಸಣ್ಣ ಕೊಂಡಿ. ಮಾಬುಸಾಬ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಪ್ರತಾಪ, ಪ್ರಿಂಟರು ಕೆಟ್ಟಿದೆ ಎಂದ. ಹೆಸರು ಹೇಳಲು ಬಾರದ ಊರಿಗೆ ಗಾಡಿ ಹೊರಡಲಿಲ್ಲ. ಆ ಪಾಲಿನ ಬೀಜ ಗೋದಾಮಿನಲ್ಲೇ ಉಳಿಯಿತು.

ಶಲವಡಿಯಲ್ಲಿ ಆ ಐದು ದಿನವೂ ಜನ ಸೊಸೈಟಿ ಅಂಗಡಿಯ ಮುಂದೆ ಚೀಲ ಹಿಡಿದು ಕೂತರು. ತಮ್ಮ ಊರು ಪ್ರಥಮ ಗ್ರಾಮ ಎಂದು ಅಧ್ಯಕ್ಷರು ಬ್ಯಾನರು ಕಟ್ಟಿಸಿದ್ದರು. ಬ್ಯಾನರಿನ ಕೆಳಗಿನ ಪರದೆ ಬೇರೆಯೇ ಹೇಳುತ್ತಿತ್ತು: 'ಈ ಗ್ರಾಮವು ಪಟ್ಟಿಯಲ್ಲಿ ಇಲ್ಲ.' ಪರದೆ ತಪ್ಪೋ ಬ್ಯಾನರು ತಪ್ಪೋ ಎಂದು ಕೇಳಲು ಕುಬೇರಪ್ಪನವರ ಮನೆಗೆ ಹೋದವರಿಗೆ ಅವರು ಹೊಲಕ್ಕೆ ಹೋಗಿದ್ದಾರೆಂಬ ಉತ್ತರ ಸಿಕ್ಕಿತು. ನಿಜವೇ. ಅವರು ಪೇಟೆಯ ಅಂಗಡಿಯಿಂದ ಬೀಜ ತರಿಸಿ ಗುರುವಾರದೊಳಗೆ ಬಿತ್ತನೆ ಮುಗಿಸಿದರು.

ಶನಿವಾರ ಬೆಳಿಗ್ಗೆ ಆ ಊರಿನ ರೇವವ್ವ ಎದ್ದಳು. ಅರವತ್ತು ದಾಟಿದ ಹೆಂಗಸು, ಗಂಡ ತೀರಿದ ಮೇಲೆ ಎಂಟು ಎಕರೆಯನ್ನು ತಾನೇ ಮಾಡಿಸುತ್ತಿದ್ದಳು. ಹೊಲಕ್ಕೆ ಹೋಗಿ ಮಣ್ಣು ಹಿಡಿದು ಒತ್ತಿ ನೋಡಿದಳು. ಸೋಮವಾರ ಉಂಡೆ ಕಟ್ಟುತ್ತಿದ್ದ ಮಣ್ಣು ಬೆರಳಿನ ಸಂದಿಯಿಂದ ಪುಡಿಯಾಗಿ ಉದುರಿತು; ಹದ ನಾಲ್ಕು ಬೆರಳು ಕೆಳಗೆ ಮಾತ್ರ ಉಳಿದಿತ್ತು. ಅವಳು ಕೈ ಕೂಡ ತೊಳೆಯದೆ ಹನ್ನೊಂದು ಜನರನ್ನು ಕರೆದುಕೊಂಡು ಅಣ್ಣಿಗೇರಿ ಬಸ್ಸು ಹತ್ತಿದಳು.

ಅದೇ ಹೊತ್ತಿಗೆ ರುಬಿಯಾಳೂ ಕುಂದಗೋಳ ಬಿಟ್ಟಿದ್ದಳು. ಮುಂದಿನ ಆದೇಶ ಬಂದಿರಲಿಲ್ಲ. ಬರುವವರೆಗೆ ಕಾಯುವುದಿಲ್ಲ ಎಂದು ಅವಳು ರಾತ್ರಿಯೇ ಅಪ್ಪನಿಗೆ ಹೇಳಿದ್ದಳು. ರಹಿಮಾನಸಾಬ, "ಕೆಲಸ ಹೋದ್ರ ಪಂಪ್ ರಿಪೇರಿ ಐತಿ, ಹೋಗು" ಎಂದಿದ್ದ. ಅವಳು ಕಚೇರಿಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ರೇವವ್ವನ ದನಿ ಕೇಳುತ್ತಿತ್ತು.

"ನಮ್ಮೂರ ಎಲ್ಲಿ ಹೋತ್ರಿ ಕುಬೇರಪ್ಪಾರ?"

"ಎಲ್ಲಿ ಹೋಗತೈತಿ ಬೇ? ಮೊದಲನೇ ನಂಬರಿನಾಗ ಐತಿ. ಪ್ರತಾಪಾ, ತೋರಸು."

ಪ್ರತಾಪ ಫೈಲು ತೆರೆದು ತೋರಿಸಿದ. ಎಲ್ಲಕ್ಕಿಂತ ಮೇಲೆ, ಗೀಟಿಲ್ಲದೆ, ಘನತೆಯಿಂದ ಶಲವಡಿ ನಿಂತಿತ್ತು.

"ಮೊದಲನೇದಾಗಿದ್ರ ಬೀಜ ಎಲ್ಲಿ?" ರೇವವ್ವ ಕೇಳಿದಳು.

ರುಬಿಯಾ ಮುಂದೆ ಬಂದು, ಪ್ರತಾಪ ಏಳುವವರೆಗೂ ಅವನ ಕುರ್ಚಿಯ ಬಳಿಯೇ ನಿಂತಳು. ಅವನು ಎದ್ದ. ಅವಳು ಯಂತ್ರ ಹಂಚಿದ ಪಾಳಿಯ ಪಟ್ಟಿಯನ್ನು ತೆರೆದು ದೊಡ್ಡದು ಮಾಡಿ ತೋರಿಸಿದಳು.

"ಆಯೀ, ಇಲ್ಲಿ ನೋಡು. ಇದು ಶ. ಇದು ಲ. ಇದು ವ. ಇದು ಡ. ಯಂತ್ರ ಇವನ್ನ ಒಂದೊಂದ ಊರು ಅಂತ ತಿಳದು ಒಂದೊಂದಕ್ಕೂ ಬೀಜ ಕಳಸೇತಿ."

"ಈ ಐದನೇದೇನು?"

"ಅದು 'ಡಿ' ಒಳಗಿನ ಗುಡಿಸು."

ರೇವವ್ವ ಪರದೆಯ ಮೇಲಿನ ಕೊಂಡಿಯನ್ನು ಬಗ್ಗಿ ನೋಡಿದಳು. ಆಮೇಲೆ ಕುಬೇರಪ್ಪನವರ ಕಡೆ ತಿರುಗಿದಳು. "ಬರೋಬ್ಬರಿ ಬರದೈತಿ. ನಮ್ಮೂರನ್ನ ಗುಡಿಸಿ ಒಗದೀರಿ."

ಹಿಂದಿದ್ದವರಲ್ಲಿ ಒಬ್ಬ ನಕ್ಕ. ಕುಬೇರಪ್ಪನವರು ನಗಲಿಲ್ಲ. "ಈಗ ಏನ ಮಾಡೂದು?" ಎಂದು ರುಬಿಯಾಳನ್ನು ಕೇಳಿದರು. ಅವರು ಅವಳ ಸಲಹೆ ಕೇಳಿದ್ದು ಆ ಮೂರು ವರ್ಷದಲ್ಲಿ ಅದೇ ಮೊದಲು.

"ಹೆಸರಿನ ಮುಂದ ಒಂದು ಗೀಟ ಹಾಕಬೇಕ್ರಿ. ಅಷ್ಟ. ಗೋದಾಮಿನಾಗ ಒಂದು ಪಾಲು ಬೀಜ ಉಳದೈತಿ, ಇವತ್ತ ಕಳಸಬಹುದು."

"ಹಂಗ ಹಾಕಾಕ ಬರೂದಿಲ್ಲ," ಎಂದ ಪ್ರತಾಪ. ಅವನ ಕೈಯಲ್ಲಿ ಠರಾವಿನ ಪುಸ್ತಕ ಬಂದಿತ್ತು. "ಗೀಟ ತಗೀಬೇಕಂತ ಸರ್ವಾನುಮತದ ಠರಾವು ಐತಿ. ಮತ್ತ ಹಾಕಬೇಕಂದ್ರ ಠರಾವು ರದ್ದಾಗಬೇಕು. ಸಭಾ ಕರೀಬೇಕು. ಏಳ ದಿವಸದ ನೋಟೀಸು."

ಕುಬೇರಪ್ಪನವರು ತಲೆಯಾಡಿಸಿದರು. ಕಾನೂನು ಎದುರಾದಾಗ ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಮೂಡುತ್ತಿತ್ತು. "ಹೌದವಾ ರೇವವ್ವಾ. ನನ್ನ ಕೈಯಾಗ ಇಲ್ಲಿದು. ಏಳ ದಿವಸ ತಡಿ."

"ಹದ ತಡೀತೈತೇನು?"

"ಅದು ಸಭಾದ ವ್ಯಾಪ್ತಿಗೆ ಬರೂದಿಲ್ಲ," ಎಂದ ಪ್ರತಾಪ.

ರೇವವ್ವ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಈ ಠರಾವು ಯಾರಿಗೆ? ನಿಮ್ಮ ನೌಕರರಿಗೆ. ನಾ ನೌಕರಳಲ್ಲ, ಒಕ್ಕೂಟದ ಸಭಾಸದಳು. ರುಬಿಯಾ, ಆ ಗೀಟ ಇರೂ ಗುಂಡಿ ಯಾವದವಾ?"

ರುಬಿಯಾ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಊರುಗಳ ಫೈಲಿಗೆ ಮರಳಿ, ಪರದೆಯ ಮೇಲಿನ ಗುರುತನ್ನು ಶಲವಡಿಯ ಎದುರಿಗೆ ತಂದು ನಿಲ್ಲಿಸಿ, ಸೊನ್ನೆಯ ಬಾಜೂ ಇದ್ದ ಗುಂಡಿಯನ್ನು ಬೆರಳಿನಿಂದ ತೋರಿಸಿದಳು. ಮುಟ್ಟಲಿಲ್ಲ.

"ಸಹಿ ಮಾಡಾಕ ನನಗ ಬರೂದಿಲ್ಲ. ಗೀಟ ಹೊಡಿಯಾಕ ಬರತೈತಿ," ಎನ್ನುತ್ತ ರೇವವ್ವ ಎರೆಮಣ್ಣಿನ ಬೆರಳಿನಿಂದ ಆ ಗುಂಡಿಯನ್ನು ಒತ್ತಿದಳು. "ಮುಂದ?"

"ಈ ಉದ್ದನ್ನ ಗುಂಡಿ, ಒಂದ ಸಲ."

ಒತ್ತಿದಳು. ಪ್ರತಾಪ ಠರಾವಿನ ಪುಸ್ತಕವನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಕೊನೆಯ ಗುಂಡಿಯನ್ನೂ ರೇವವ್ವನೇ ಒತ್ತಿದಳು. ಹಸಿರು ಅಕ್ಷರಗಳು ಓಡಿ, ಒಟ್ಟು ಗ್ರಾಮಗಳು ಮೂವತ್ತೆರಡು ಎಂದು ನಿಂತಿತು. ಪಾಳಿಯ ಪಟ್ಟಿಯ ಮೊದಲ ಸಾಲಿನಲ್ಲಿ ಶಲವಡಿ ಪೂರ್ತಿಯಾಗಿ ಕೂತಿತ್ತು. ಮಾಬುಸಾಬ ಚೀಟಿಗೂ ಕಾಯದೆ ಗಾಡಿಯನ್ನು ಗೋದಾಮಿಗೆ ತಿರುಗಿಸಿದ.

ಆ ದಿನ ಸಂಜೆಯೊಳಗೆ ಶಲವಡಿಗೆ ಒಂದು ಪಾಲು ಬೀಜ ಮುಟ್ಟಿತು. ಆದರೆ ಯಂತ್ರ ಮೂವತ್ತಾರು ಊರೆಂದು ಲೆಕ್ಕ ಹಾಕಿ ಸಣ್ಣದು ಮಾಡಿದ್ದ ಪಾಲು ಅದು. ಸಾಲಿನ ಕೊನೆಯಲ್ಲಿದ್ದವರ ಚೀಲ ತುಂಬಲಿಲ್ಲ. ಉಳಿದದ್ದನ್ನು ತರಲು ಮಹಾನಂದಾ ತಾವೇ ಮಾಬುಸಾಬನ ಗಾಡಿಯಲ್ಲಿ ದೇವಿಕೊಪ್ಪಕ್ಕೆ ಹೋಗಿ ಉಡಚಪ್ಪನವರ ಶೆಡ್ಡಿನ ಬೀಗ ತೆಗೆಸಬೇಕಾಯಿತು. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಮೊದಲ ಆರು ದಿನ ಬೀಗದ ಕೈ ಸಿಗಲಿಲ್ಲ.

ವಿಚಾರಣೆ ನಡೆಯಿತು. ಮಂಡಳಿ ರುಬಿಯಾಗೆ ನೋಟೀಸು ಕೊಟ್ಟಿತು: ಠರಾವಿಗೆ ವಿರುದ್ಧವಾಗಿ ಅಧ್ಯಕ್ಷರ ಗ್ರಾಮಕ್ಕೆ ವಜಾ ಚಿಹ್ನೆ ಹಚ್ಚಿದ್ದೇಕೆ? ರುಬಿಯಾ, ಪ್ರತಾಪ ಸಹಿ ಮಾಡಿದ ಚೀಟಿಯನ್ನು ಲಗತ್ತಿಸಿ, ಗುಂಡಿ ಒತ್ತಿದವಳು ತಾನಲ್ಲ ಎಂದು ಎರಡು ಸಾಲಿನಲ್ಲಿ ಉತ್ತರಿಸಿದಳು. ನೋಟೀಸು ರೇವವ್ವನಿಗೆ ಹೋಯಿತು. ಓದಲು ಬಾರದ ರೇವವ್ವ ಅದನ್ನು ಹಿಡಿದುಕೊಂಡು ನೇರ ಸಭೆಗೇ ಬಂದು, ಕುಬೇರಪ್ಪನವರ ಕೈಗೆ ಕೊಟ್ಟು, "ನೀವ ಬರದೀರಿ, ನೀವ ಓದಿ ಹೇಳ್ರಿ, ಎಲ್ಲಾರೂ ಕೇಳಲಿ" ಎಂದಳು. ಕುಬೇರಪ್ಪನವರು ಎರಡು ಸಾಲು ಓದಿದರು. ಮೂರನೆಯ ಸಾಲಿಗೆ ಕನ್ನಡಕ ತೆಗೆದು ಕಾಗದವನ್ನು ಮಡಚಿದರು. ನೋಟೀಸನ್ನು ಹಿಂದಕ್ಕೆ ಪಡೆಯಲಾಯಿತು, ಅದೂ ಸರ್ವಾನುಮತದಿಂದ.

ರುಬಿಯಾ ಅದೇ ವಾರ ನೂರಾ ಹದಿನಾಲ್ಕು ಕಡೆಗಳಿಂದ ಅಧ್ಯಕ್ಷರ ಹೆಸರನ್ನು ತೆಗೆದು, ಹಾದಿಯನ್ನು ಮೊದಲಿನಂತೆ ಒಂದೇ ಸಾಲಿಗೆ ತಂದಳು. ಕುಬೇರಪ್ಪನವರಿಗಾಗಿ ಅವರ ಹೆಸರಿನ ಒಂದು ಫೋಲ್ಡರನ್ನು ಹಾಗೇ ಇಟ್ಟಳು. ಅವರು ಆಗಾಗ ಬಂದು ಅದು ಇದೆಯೇ ಎಂದು ನೋಡಿ ಹೋಗುತ್ತಿದ್ದರು. ಒಳಗೆ ಏನಿದೆ ಎಂದು ಒಮ್ಮೆಯೂ ತೆರೆಯಲಿಲ್ಲ.

ಡಿಸೆಂಬರಿನಲ್ಲಿ, ಸಹಕಾರಿಗಳಿಗೆ ಪ್ರಶಸ್ತಿ ಕೊಡುವ ಒಂದು ಸಂಸ್ಥೆಯಿಂದ ಅರ್ಜಿ ನಮೂನೆ ಬಂತು. ಪ್ರತಾಪ ಸೋಮವಾರದ ಆ ಫೋಟೋ ಹಚ್ಚಿ, ಒಂದೇ ವರ್ಷದಲ್ಲಿ ಸೇವೆ ಹೊಸ ಊರುಗಳಿಗೆ ವಿಸ್ತರಿಸಿದೆ ಎಂದು ಬರೆದು, ಆ ಊರುಗಳ ವಿವರ ತುಂಬಲು ಅರ್ಜಿಯನ್ನು ರುಬಿಯಾಗೆ ಕೊಟ್ಟ. ಅವಳು ಇದ್ದದ್ದನ್ನೇ ತುಂಬಿದಳು. ಊರು: ಶ, ಲ, ವ, ಡ, ಹಾಗೂ ಗುಡಿಸು. ಜನಸಂಖ್ಯೆ: ಇಲ್ಲ. ರೈತರು: ಇಲ್ಲ. ದೂರುಗಳು: ಇಲ್ಲ. ಯಾರಾದರೂ ಓದಿಯಾರು, ಆಗ ಎಲ್ಲ ಹೊರಬಿದ್ದೀತು ಎಂಬ ಆಸೆ ಅವಳಿಗಿತ್ತು. ಪ್ರತಾಪ ಓದದೆ ಸಹಿ ಮಾಡಿದ. ಸಂಸ್ಥೆಯವರು ಮಾತ್ರ ಓದಿದರು. ಐದು ಗ್ರಾಮಗಳಲ್ಲಿ ಒಂದೇ ಒಂದು ದೂರೂ ಇಲ್ಲದಂತೆ ಸೇವೆ ಸಲ್ಲಿಸಿದ್ದಕ್ಕಾಗಿ ಒಕ್ಕೂಟಕ್ಕೆ ಮೊದಲ ಬಹುಮಾನ ಕೊಟ್ಟರು.

ಕುಬೇರಪ್ಪನವರು ಶಾಲು ಹೊದೆಸಿಕೊಳ್ಳಲು ಹೋದ ದಿನ ರುಬಿಯಾ ಶಲವಡಿಯಲ್ಲಿದ್ದಳು. ಪೆಟ್ಟಿಗೆಯ ತಂತಿಯನ್ನು ಇಲಿ ಕಡಿದಿತ್ತು. ಕೆಲಸ ಮುಗಿಸಿ ರೇವವ್ವನ ಹೊಲಕ್ಕೆ ಹೋದಳು. ಶನಿವಾರದ ಬೀಜ ಬಿದ್ದ ಕಡೆ ಕಡಲೆ ಮೊಣಕಾಲೆತ್ತರ ಬಂದು ಕಾಯಿ ಕಟ್ಟಿತ್ತು. ಶೆಡ್ಡಿನಿಂದ ತಡವಾಗಿ ಬಂದ ಬೀಜ ಬಿತ್ತಿದ ಎರಡು ಎಕರೆಯಲ್ಲಿ ಗಿಡಗಳು ಗೇಣುದ್ದವೂ ಏಳದೆ, ನಡುನಡುವೆ ಬೋಳು ಬಿಟ್ಟು ನಿಂತಿದ್ದವು. ರುಬಿಯಾ ಬದುವಿನ ಮೇಲೆ ನಿಂತು ಅದನ್ನೇ ನೋಡಿದಳು. ತಾನು ಕುಂದಗೋಳದಿಂದ ಮಂಗಳವಾರವೇ ಎದ್ದು ಬರಬೇಕಿತ್ತು ಎಂದು ಹೇಳಲು ಬಾಯಿ ತೆರೆದಳು.

"ಬಿಡವಾ, ನೀ ಯಾಕ ಸಣ್ಣ ಮಾರಿ ಮಾಡತಿ," ಎಂದಳು ರೇವವ್ವ. ಛಲೋ ಬಂದ ಕಡೆಯಿಂದ ಒಂದು ಹಿಡಿ ಹಸಿ ಕಡಲೆಗಿಡ ಕಿತ್ತು ಅವಳ ಕೈಗಿಟ್ಟಳು. "ಕುಂದರು, ಸುಲಕೊಂಡು ತಿನ್ನು. ಕೈ ಹುಳಿ ಆಗತಾವ, ಆಮ್ಯಾಲ ತೊಳಕೊಂಡ್ರಾತು."

ಇಬ್ಬರೂ ಬದುವಿನ ಮೇಲೆ ಕೂತು ಕಾಯಿ ಸುಲಿದರು.